ನಾದೋಪಾಸಕ ಜಯಚಾಮರಾಜ ಒಡೆಯರು

ಚಿಂತಾಮಣಿ ತಾಲ್ಲೂಕಿನ ಕೈವಾರ ಗ್ರಾಮವು ಭಕ್ತಿಗೂ ಸಂಗೀತಕ್ಕೂ ಹೆಸರಾದ ಸ್ಥಳ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ನಾರಾಯಣಪ್ಪ ಎಂಬ ಬಳೆಗಾರನಿದ್ದನು. ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು ಊರೂರು ಅಲೆಯುತ್ತಿದ್ದ ಆತನು ಮುಂದೆ ವೈರಾಗ್ಯವನ್ನು ತಾಳಿ, ತೆಲುಗು ಕನ್ನಡಗಳೆರಡರಲ್ಲಿಯೂ ಕೀರ್ತನೆಗಳನ್ನು ರಚಿಸಿ, ಜನರ ಬಾಯಲ್ಲಿ 'ಕೈವಾರದ ತಾತಯ್ಯ'ನಾದನು. ತಾನು ಕಟ್ಟಿದ ಪದಗಳಿಗೆ ಆತನು ತನ್ನ ಊರಿನ ದೈವವಾದ ಅಮರ ನಾರೇಯಣಸ್ವಾಮಿಯ ಹೆಸರನ್ನೇ ಅಂಕಿತವಾಗಿ ಇರಿಸಿದನು. ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಹೇಳಿಕೊಳ್ಳದೆ ತನ್ನ ಇಷ್ಟದೈವದ ಹೆಸರನ್ನು ಹೇಳಿ ಹಿಂದೆ ಸರಿಯುವುದು ನಮ್ಮ ನಾಡಿನ ಹಾಡುಗಬ್ಬಗಳ ಹಳೆಯ ಸಂಪ್ರದಾಯ. ಪುರಂದರದಾಸರು ಮಾಡಿದ್ದೂ ಇದನ್ನೇ.

ತಾತಯ್ಯನವರು ಕಣ್ಮರೆಯಾಗಿ ನೂರು ವರ್ಷಗಳು ಕಳೆದ ಮೇಲೆ, ಅದೇ ಮೈಸೂರು ಸಂಸ್ಥಾನದಲ್ಲಿ ಮತ್ತೊಬ್ಬ ವ್ಯಕ್ತಿ ಅದೇ ಸಂಪ್ರದಾಯವನ್ನು ಅನುಸರಿಸಿ ಕೃತಿರಚನೆಗೆ ತೊಡಗಿದರು. ಅವರಿಗೆ ಹೆಗಲ ಮೇಲೆ ಮಲಾರವಿರಲಿಲ್ಲ; ತಲೆಯ ಮೇಲೆ ಕಿರೀಟವಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಇವೆಲ್ಲವೂ ಆಗ ಕೋಲಾರ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಆ ಜಿಲ್ಲೆಯನ್ನೂ ಒಳಗೊಂಡ ಮೈಸೂರು ಸಂಸ್ಥಾನಕ್ಕೆ ಅವರು ಅಧಿಪತಿಗಳು. ಅವರೇ ಜಯಚಾಮರಾಜ ಒಡೆಯರು. ಒಡೆಯರ್ ವಂಶದ ಕಡೆಯ ಆಳುವ ಅರಸರೆಂದು ಚರಿತ್ರೆಯು ಅವರನ್ನು ನೆನೆಯುತ್ತದೆ. ಸಂಗೀತ ಪ್ರಪಂಚವಾದರೋ ಅವರನ್ನು ಇಪ್ಪತ್ತನೆಯ ಶತಮಾನದ ಶ್ರೇಷ್ಠ ವಾಗ್ಗೇಯಕಾರರಲ್ಲಿ ಒಬ್ಬರೆಂದು ನೆನೆಯುತ್ತದೆ.

'ವಾಗ್ಗೇಯಕಾರ' ಎಂಬ ಮಾತಿನ ಅರ್ಥವನ್ನು ಇಲ್ಲಿ ತಿಳಿದುಕೊಳ್ಳಬೇಕು. ವಾಕ್ ಎಂದರೆ ಮಾತು, ಗೇಯ ಎಂದರೆ ಹಾಡುವಂಥದು. ಪದಗಳನ್ನು ಬರೆಯುವವನು ಕವಿ. ಬೇರೆಯವರು ಬರೆದ ಪದಗಳಿಗೆ ರಾಗವನ್ನು ಹೊಂದಿಸುವವನು ಸಂಗೀತ ಸಂಯೋಜಕ. ಈ ಎರಡು ಕೆಲಸಗಳನ್ನೂ ಒಬ್ಬನೇ ಮಾಡಿದಾಗ ಅವನು ವಾಗ್ಗೇಯಕಾರನೆನಿಸುತ್ತಾನೆ. ಅವನಲ್ಲಿ ಮಾತೂ ಧಾತುವೂ ಒಟ್ಟಿಗೆ ಹುಟ್ಟುತ್ತವೆ. ಭಾಷಾಪಾಂಡಿತ್ಯ, ರಾಗಜ್ಞಾನ, ತಾಳದ ಹಿಡಿತ, ಇವುಗಳೆಲ್ಲದರ ಜೊತೆಗೆ ಅಂತರಂಗದ ಅನುಭವ, ಇವು ಕೂಡಿ ಬಂದಲ್ಲದೆ ಆ ಪದವಿ ದೊರೆಯುವುದಿಲ್ಲ. ಹುಟ್ಟಿನಿಂದ ಸಿಂಹಾಸನವು ಬರಬಹುದು; ವಾಗ್ಗೇಯಕಾರನೆಂಬ ಹೆಸರು ಹುಟ್ಟಿನಿಂದ ಬರುವಂಥದಲ್ಲ.

ಜಯಚಾಮರಾಜ ಒಡೆಯರು ಜನಿಸಿದುದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ತಾಯಿ ಕೆಂಪು ಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಮಹಾರಾಜರು. ನಾಲ್ವಡಿಯವರ ಆಳ್ವಿಕೆಯ ಕಾಲವು ಮೈಸೂರಿನ ಸುವರ್ಣಯುಗವೆಂದು ಹೆಸರಾಗಿದೆ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿ ಬೆಳೆದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದುದು ಈ ಅರಸರ ಕಾಲದಲ್ಲಿಯೇ. ಒಂದು ಕಡೆ ಅಣೆಕಟ್ಟುಗಳೂ ಕಾರ್ಖಾನೆಗಳೂ ಏಳುತ್ತಿದ್ದ ಹಾಗೆ, ಮತ್ತೊಂದು ಕಡೆ ಅರಮನೆಯಲ್ಲಿ ಸಂಗೀತದ ಸಿರಿ ಬೆಳೆಯುತ್ತಿತ್ತು. ನಾಲ್ವಡಿಯವರು ಸ್ವತಃ ವೀಣೆ, ಪಿಟೀಲು ಮುಂತಾದ ಹಲವು ವಾದ್ಯಗಳನ್ನು ಬಲ್ಲವರು. ಅವರ ಆಸ್ಥಾನದಲ್ಲಿ ವೀಣೆ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು, ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು ಮೊದಲಾದ ದಿಗ್ಗಜಗಳಿದ್ದರು. ಅಲ್ಲಿ ಕರ್ನಾಟಕ ವಾದ್ಯವೃಂದವಿದ್ದ ಹಾಗೆಯೇ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಇಂತಹ ಮನೆಯಲ್ಲಿ ಕಣ್ಣು ಬಿಟ್ಟ ಬಾಲಕನ ಕಿವಿಗೆ ಎರಡು ಬಗೆಯ ಸಂಗೀತಗಳೂ ಎಳವೆಯಿಂದಲೇ ಬಿದ್ದುವು.

ಆ ಬಾಲಕನ ಮನಸ್ಸನ್ನು ಮೊದಲು ಸೂರೆಗೊಂಡುದು ಪಿಯಾನೊ ವಾದ್ಯ. ಅದನ್ನು ಅವರು ಆಟಿಕೆಯೆಂದು ಭಾವಿಸಲಿಲ್ಲ. ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದರು. ಜೊತೆಗೆ ಶಾಲಾ ವ್ಯಾಸಂಗವನ್ನೂ ಕಡೆಗಣಿಸಲಿಲ್ಲ. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದವೀಧರರಾದಾಗ ಚಿನ್ನದ ಪದಕಗಳನ್ನೂ ಬಹುಮಾನಗಳನ್ನೂ ಗಳಿಸಿದರು. 1939ರಲ್ಲಿ ಯುರೋಪಿನ ಪ್ರವಾಸವನ್ನು ಕೈಗೊಂಡರು. ಅಲ್ಲಿಯ ಸಂಗೀತಗಾರರ ಪರಿಚಯವೂ ಆಯಿತು. ಸಭಿಕರ ಮುಂದೆ ಕುಳಿತು ನುಡಿಸುವ ಪಿಯಾನೊ ವಾದಕನಾಗಬೇಕೆಂಬುದು ಇಪ್ಪತ್ತರ ಹರೆಯದ ಆ ತರುಣನ ಹೆಬ್ಬಯಕೆಯಾಗಿತ್ತು.

ಆದರೆ ವಿಧಿಯ ಸಂಕಲ್ಪ ಬೇರೆಯಾಗಿತ್ತು. 1940ರ ಮಾರ್ಚ್ ತಿಂಗಳಲ್ಲಿ ತಂದೆ ತೀರಿಕೊಂಡರು. ಆ ದುಃಖವು ಆರುವ ಮುನ್ನವೇ, ಆಗಸ್ಟ್ 3ರಂದು, ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಇಹಲೋಕವನ್ನು ತ್ಯಜಿಸಿದರು. ಐದು ತಿಂಗಳ ಅವಧಿಯಲ್ಲಿ ಎರಡು ಆಸರೆಗಳೂ ಕುಸಿದುವು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಜಯಚಾಮರಾಜ ಒಡೆಯರು ಸಿಂಹಾಸನವನ್ನು ಏರಿದರು. ಪಿಯಾನೊ ವಾದಕನಾಗುವ ಕನಸು ಅಂದಿಗೆ ಮುಗಿಯಿತು. ರಾಜನಾದವನು ಟಿಕೆಟ್ಟು ಕೊಂಡು ಬಂದ ಸಭಿಕರ ಮುಂದೆ ಕುಳಿತು ವಾದ್ಯವನ್ನು ನುಡಿಸುವಂತಿರಲಿಲ್ಲ. ಲೋಕದ ಕಣ್ಣಿಗೆ ಅವರು ಎಲ್ಲವನ್ನೂ ಪಡೆದವರು. ಆದರೆ ಅವರು ತಮಗೆ ಅತ್ಯಂತ ಪ್ರಿಯವಾದ ಒಂದನ್ನು ಆ ದಿನ ಕಳೆದುಕೊಂಡಿದ್ದರು.

ಬಯಸಿದ ದಾರಿ ಮುಚ್ಚಿದಾಗ ಮನುಷ್ಯನು ಎರಡು ಬಗೆಯಲ್ಲಿ ನಡೆದುಕೊಳ್ಳಬಹುದು. ಮುಚ್ಚಿದ ಬಾಗಿಲ ಮುಂದೆ ಕುಳಿತು ಕೊರಗಬಹುದು; ಇಲ್ಲವೆ ಬೇರೊಂದು ಬಾಗಿಲನ್ನು ಅರಸಬಹುದು. ಜಯಚಾಮರಾಜ ಒಡೆಯರು ಎರಡನೆಯ ಬಗೆಯವರು. ರಾಜ್ಯಭಾರದ ನಡುವೆಯೂ ಅವರು ಪಾಶ್ಚಾತ್ಯ ಸಂಗೀತದ ಅಧ್ಯಯನವನ್ನು ಮುಂದುವರಿಸಿದರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪದವಿಯೂ ಅವರಿಗೆ ಲಭಿಸಿದುವು. ತಾವು ವೇದಿಕೆಯನ್ನು ಏರಲಾರದವರು, ವೇದಿಕೆಯ ಮೇಲಿದ್ದೂ ಕಷ್ಟದಲ್ಲಿದ್ದವರ ಕಡೆಗೆ ಕಣ್ಣು ಹೊರಳಿಸಿದರು.

ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಯೋಜಕರು ವಾಸವಾಗಿದ್ದರು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಇವರು ಶ್ರೇಷ್ಠ ಪಿಯಾನೊ ವಾದಕರು. ಕ್ರಾಂತಿಯ ತರುವಾಯ 1921ರಲ್ಲಿ ತಾಯ್ನಾಡನ್ನು ತೊರೆದು, ದೇಶದಿಂದ ದೇಶಕ್ಕೆ ಅಲೆದು, ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಸಿದ್ದರು. ಎರಡನೆಯ ಮಹಾಯುದ್ಧವು ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತುಹೋಯಿತು. ಹೃದ್ರೋಗವೂ ಕಾಡಿತು. ಹೊಸ ಹೊಸ ಬಗೆಯ ಸಂಗೀತಕ್ಕೆ ಮನಸೋತ ಕಾಲವು, ಹಳೆಯ ಸಂಪ್ರದಾಯವನ್ನು ಬಿಡದ ಈ ಮುದುಕರನ್ನು ಬಹುಮಟ್ಟಿಗೆ ಮರೆತಿತ್ತು. ಮೆಟ್ನರರನ್ನು ಮರೆಯದೆ ಇದ್ದವರಲ್ಲಿ ಒಬ್ಬರು ಸಾವಿರಾರು ಮೈಲಿಗಳಾಚೆ, ಚಾಮುಂಡಿಬೆಟ್ಟದ ತಪ್ಪಲಿನಲ್ಲಿದ್ದ ತರುಣ ಮಹಾರಾಜರು.

ಮಹಾರಾಜರು ಮೆಟ್ನರರ ಹೆಸರಿನಲ್ಲಿ ಲಂಡನ್ನಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿ, ಅವರ ರಚನೆಗಳನ್ನು ಅವರಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸುವ ವೆಚ್ಚವನ್ನು ವಹಿಸಿಕೊಂಡರು. 1947ರಲ್ಲಿ ಧ್ವನಿಮುದ್ರಣದ ಕಾರ್ಯ ಮೊದಲಾಯಿತು. ರೋಗದಿಂದ ಬಳಲುತ್ತಿದ್ದ ವೃದ್ಧ ಕಲಾವಿದರು ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ತಾವು ರಚಿಸಿದ ಮೂರು ಕನ್ಸರ್ಟೋಗಳನ್ನೂ ಇತರ ಹಲವು ಕೃತಿಗಳನ್ನೂ ನುಡಿಸಿದರು. 1951ರಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಅವರ ಕೈಬೆರಳುಗಳ ನಾದವು ತಟ್ಟೆಗಳಲ್ಲಿ ಉಳಿದಿತ್ತು. ತಮ್ಮ ಮೂರನೆಯ ಕನ್ಸರ್ಟೋವನ್ನು ಮೆಟ್ನರರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಆ ಕೃತಿಯ ಸ್ವರಲಿಪಿಯ ಪುಸ್ತಕವನ್ನು ತೆರೆದರೂ ಆ ಅರ್ಪಣೆಯು ಅವರಿಗೆ ಮೈಸೂರಿನ ಹೆಸರನ್ನು ತಿಳಿಸುತ್ತದೆ.

ಇದೇ ಅವಧಿಯಲ್ಲಿ, 1945ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಮಹಾರಾಜರು ಧನಸಹಾಯ ನೀಡಿದರು. ಜರ್ಮನಿಯ ಹಿರಿಯ ಸಂಯೋಜಕ ರಿಚರ್ಡ್ ಸ್ಟ್ರೌಸ್ ಅವರು ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, 1948ರಲ್ಲಿ, ನಾಲ್ಕು ಗೀತೆಗಳಿಗೆ ಸಂಗೀತವನ್ನು ರಚಿಸಿ, ಅವನ್ನು ಸಭೆಯಲ್ಲಿ ಕೇಳುವ ಮೊದಲೇ, 1949ರಲ್ಲಿ ಕಣ್ಮುಚ್ಚಿದ್ದರು. ಬದುಕಿನ ಸಂಜೆಯನ್ನು ಶಾಂತವಾಗಿ ಬೀಳ್ಕೊಡುವ ಈ ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದುವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಾರ್ಯಕ್ರಮಕ್ಕೆ ಹಣದ ಭರವಸೆಯನ್ನು ಕೊಟ್ಟವರು ಜಯಚಾಮರಾಜ ಒಡೆಯರು. ಅದರ ಧ್ವನಿಮುದ್ರಣವು ಮೈಸೂರಿನ ಅರಮನೆಯ ಸಂಗ್ರಹವನ್ನು ಸೇರಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಆ ಸಂಗ್ರಹದಲ್ಲಿ ಆಗ ಸುಮಾರು 20,000 ತಟ್ಟೆಗಳಿದ್ದುವೆಂದು ಹೇಳುತ್ತಾರೆ.

ಇಷ್ಟನ್ನು ಮಾತ್ರ ಮಾಡಿದ್ದರೆ ಅವರು ಉದಾರ ಪೋಷಕರೆನಿಸಿ ನಿಲ್ಲುತ್ತಿದ್ದರು. ಆದರೆ ಅವರೊಳಗಿನ ಸೃಷ್ಟಿಶಕ್ತಿ ಬೇರೊಂದು ದಾರಿಯನ್ನು ಕಂಡುಕೊಂಡಿತ್ತು. ಆ ದಾರಿ ದೂರದ ಲಂಡನ್ನಿನಲ್ಲಿರಲಿಲ್ಲ. ತಮ್ಮ ಅರಮನೆಯ ಅಂಗಳದಲ್ಲಿಯೇ ಇದ್ದಿತು. ಪಾಶ್ಚಾತ್ಯ ಸಂಗೀತದಲ್ಲಿ ಮುಳುಗಿದ್ದ ಅವರು ಮೆಲ್ಲಮೆಲ್ಲನೆ ಕರ್ನಾಟಕ ಸಂಗೀತದತ್ತ ತಿರುಗಿದರು. ವೀಣೆ ವೆಂಕಟಗಿರಿಯಪ್ಪನವರು ಅವರಿಗೆ ವೀಣೆಯ ಗುರುಗಳಾದರು. ಕೃತಿರಚನೆಯಲ್ಲಿ ಮೈಸೂರು ವಾಸುದೇವಾಚಾರ್ಯರು ಮಾರ್ಗದರ್ಶಕರಾದರು. 1865ರಲ್ಲಿ ಹುಟ್ಟಿದ ವಾಸುದೇವಾಚಾರ್ಯರು ಪಟ್ಟಣಂ ಸುಬ್ರಹ್ಮಣ್ಯ ಅಯ್ಯರವರ ಶಿಷ್ಯರು. ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಗುರುವಿಗೂ ಶಿಷ್ಯನಿಗೂ ವಯಸ್ಸಿನಲ್ಲಿ ಐವತ್ತನಾಲ್ಕು ವರ್ಷಗಳ ಅಂತರ. ಒಬ್ಬರು ಅರಮನೆಯ ಆಶ್ರಯದಲ್ಲಿ ಬೆಳೆದ ವಿದ್ವಾಂಸರು, ಮತ್ತೊಬ್ಬರು ಆ ಅರಮನೆಯ ಒಡೆಯರು. ಆದರೆ ವಿದ್ಯೆಯ ಮುಂದೆ ಒಡೆತನಕ್ಕೆ ಎಡೆಯಿಲ್ಲ. ಅಲ್ಲಿ ಕೇಳುವವನು ಶಿಷ್ಯ, ಹೇಳುವವನು ಗುರು.

ಪಿಯಾನೊವನ್ನು ಬಲ್ಲವರು ವೀಣೆಯನ್ನು ಸುಲಭವಾಗಿ ಕಲಿಯಬಹುದೆಂದು ಕೆಲವರು ತಿಳಿಯಬಹುದು. ವಾಸ್ತವವಾಗಿ ಈ ಎರಡು ವಾದ್ಯಗಳ ಸ್ವಭಾವಗಳು ಬೇರೆ ಬೇರೆ. ಪಿಯಾನೊದಲ್ಲಿ ಎಂಬತ್ತೆಂಟು ಮನೆಗಳಿವೆ. ಒಂದು ಮನೆಯನ್ನು ಒತ್ತಿದರೆ ಒಂದೇ ಸ್ವರ ಹೊರಡುತ್ತದೆ. ಆ ಸ್ವರವನ್ನು ಬಗ್ಗಿಸಲು, ಅಲುಗಿಸಲು, ಪಕ್ಕದ ಸ್ವರಕ್ಕೆ ಜಾರಿಸಲು ಸಾಧ್ಯವಿಲ್ಲ. ಆದರೆ ಹತ್ತು ಬೆರಳುಗಳಿಂದ ಹಲವು ಸ್ವರಗಳನ್ನು ಏಕಕಾಲದಲ್ಲಿ ನುಡಿಸಬಹುದು. ಹೀಗೆ ಹಲವು ಸ್ವರಗಳು ಒಟ್ಟಿಗೆ ಕೂಡಿ ಹೊಮ್ಮುವ ಸ್ವರಮೇಳವೇ ಪಾಶ್ಚಾತ್ಯ ಸಂಗೀತದ ಜೀವಾಳ. ವೀಣೆಯಲ್ಲಿ ಇರುವುದು ಇಪ್ಪತ್ತನಾಲ್ಕು ಮೆಟ್ಟಿಲುಗಳು, ನುಡಿಸಲು ನಾಲ್ಕು ತಂತಿಗಳು, ಶ್ರುತಿತಾಳಗಳಿಗೆ ಮೂರು ತಂತಿಗಳು. ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದರೆ ಸ್ವರವು ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಅಲುಗಿಸಿದರೆ ತೂಗುತ್ತದೆ. ಇದೇ ಗಮಕ. ಒಂದು ಸ್ವರದ ನಂತರ ಮತ್ತೊಂದು ಸ್ವರ ಬರುವ ಹಾದಿಯಲ್ಲಿಯೇ ನಮ್ಮ ರಾಗದ ಪ್ರಾಣವಿದೆ. ಅಲ್ಲಿ ಸ್ವರಗಳ ಕೂಟ, ಇಲ್ಲಿ ಸ್ವರದ ನಡೆ. ಬೆರಳುಗಳಿಗೂ ಕಿವಿಗೂ ಒಂದು ಅಭ್ಯಾಸವು ನೆಲೆಗೊಂಡ ಮೇಲೆ ಮತ್ತೊಂದನ್ನು ಮೊದಲಿನಿಂದ ಕಲಿಯಲು ತಾಳ್ಮೆಯೂ ವಿನಯವೂ ಬೇಕು. ಪದವಿಯುಳ್ಳವರು ಮತ್ತೆ ಸರಳೆವರಸೆಗೆ ಕೂರುವುದು ಸಣ್ಣ ಮಾತಲ್ಲ.

ಸಂಗೀತದ ಜೊತೆಗೆ ಅವರ ಬದುಕಿಗೆ ಮತ್ತೊಂದು ಆಧಾರವೂ ದೊರೆಯಿತು. ಆಸ್ಥಾನದ ಹೆಸರಾಂತ ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಅವರು ಶ್ರೀವಿದ್ಯೆಯ ಉಪಾಸನಾಮಾರ್ಗದಲ್ಲಿ ದೀಕ್ಷೆಯನ್ನು ಪಡೆದರು. ದೇವಿಯನ್ನು ಪರಮಶಕ್ತಿಯೆಂದು ಆರಾಧಿಸುವ ಮಾರ್ಗವಿದು. ನಾಲ್ವಡಿಯವರ ಕಾಲದಲ್ಲಿ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯನ್ನು ಕುರಿತು ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದ್ದರು. ಜಯಚಾಮರಾಜ ಒಡೆಯರು ಅದೇ ದೇವಿಯನ್ನು ಸಂಸ್ಕೃತದಲ್ಲಿ ಹಾಡಿದರು. ಸಂಗೀತಾಭ್ಯಾಸ, ಸಂಸ್ಕೃತಜ್ಞಾನ, ಉಪಾಸನೆ ಇವು ಮೂರೂ ಬಂದು ಕೂಡಿದ ಸಂಗಮದಲ್ಲಿ ಅವರ ಕೃತಿಗಳು ಹುಟ್ಟಿದುವು.

ಅವರು ರಚಿಸಿದ ಕೃತಿಗಳ ಸಂಖ್ಯೆ 94. ಇವುಗಳ ರಚನೆಯ ಕಾಲ ಮುಖ್ಯವಾಗಿ 1945ರಿಂದ 1947ರವರೆಗೆ. ಎಲ್ಲವೂ ಸಂಸ್ಕೃತ ಭಾಷೆಯಲ್ಲಿವೆ. ಬಹುಮಟ್ಟಿಗೆ ಒಂದೊಂದೂ ಒಂದೊಂದು ರಾಗದಲ್ಲಿದೆ. ಅಠಾಣ ರಾಗದ 'ಶ್ರೀ ಮಹಾಗಣಪತಿಂ ಭಜೇಹಂ', ಹಿಂದೋಳ ರಾಗದ 'ಚಿಂತಯಾಮಿ ಜಗದಂಬಾಂ', ಗಂಭೀರನಾಟ ರಾಗದ 'ಶ್ರೀ ಜಾಲಂಧರಮಾಶ್ರಯಾಮ್ಯಹಂ' ಇವು ಇಂದಿಗೂ ಕಚೇರಿಗಳಲ್ಲಿ ಕೇಳಿಬರುತ್ತಿರುವ ಕೃತಿಗಳು. ಸಭಿಕರಿಗೆ ಚಿರಪರಿಚಿತವಾದ ರಾಗಗಳಲ್ಲಿ ರಚಿಸಿದಷ್ಟೇ ಸಲೀಸಾಗಿ, ದುರ್ವಾಂಕಿಯಂತಹ ಅಪರೂಪದ ರಾಗಗಳಲ್ಲಿಯೂ ಅವರು ರಚಿಸಿದ್ದಾರೆ. ಜಯಸಂವರ್ಧಿನಿ ಮೊದಲಾದ ಹೊಸ ರಾಗಗಳಿಗೂ ರೂಪವನ್ನು ಕೊಟ್ಟಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರ ರಚನೆಗಳಲ್ಲಿರುವಂತೆ ಇವರ ಸಾಹಿತ್ಯದಲ್ಲಿಯೂ ರಾಗದ ಹೆಸರು ದೇವಿಯ ವರ್ಣನೆಯ ನಡುವೆ ಅರ್ಥಕ್ಕೆ ಭಂಗ ಬಾರದಂತೆ ಬಂದು ಕೂರುತ್ತದೆ. ಇದನ್ನು ರಾಗಮುದ್ರೆ ಎನ್ನುತ್ತಾರೆ. ಶಿಡ್ಲಘಟ್ಟದ ನೂಲುಬಿಚ್ಚುವವರು ಬಿಸಿನೀರಿನಲ್ಲಿ ನೆನೆದ ಹಲವು ಗೂಡುಗಳಿಂದ ಕಾಣದಷ್ಟು ಸಣ್ಣ ಎಳೆಗಳನ್ನು ತೆಗೆದು ಒಂದೇ ನೂಲಾಗಿ ಕೂಡಿಸುವಂತೆ, ರಾಗ ಸಾಹಿತ್ಯ ತಾಳಗಳ ಎಳೆಗಳು ಅಲ್ಲಿ ಒಂದಾಗಿರುತ್ತವೆ.

ಈ 94 ಕೃತಿಗಳಿಗೆ ಅವರು ಇರಿಸಿದ ಅಂಕಿತ 'ಶ್ರೀವಿದ್ಯಾ'. ನಾಣ್ಯದ ಮೇಲೆ, ಕಟ್ಟಡಗಳ ಮೇಲೆ, ಸರ್ಕಾರದ ಕಾಗದಗಳ ಮೇಲೆ ಅರಸನ ಹೆಸರು ಕಾಣುವುದು ಲೋಕದ ರೂಢಿ. ಜಯಚಾಮರಾಜ ಒಡೆಯರು ತಮ್ಮ ಅಂತರಂಗದ ಸೃಷ್ಟಿಯಲ್ಲಿ ತಮ್ಮ ಹೆಸರನ್ನು ಬಿಟ್ಟು, ತಾವು ಆರಾಧಿಸಿದ ವಿದ್ಯೆಯ ಹೆಸರನ್ನು ಇಟ್ಟರು. ಈ ಒಂದು ವಿಷಯದಲ್ಲಿ ಮೈಸೂರಿನ ಅರಸರೂ ಕೈವಾರದ ಬಳೆಗಾರರೂ ಒಂದೇ ಸಾಲಿನಲ್ಲಿ ಕುಳಿತವರು.

ಈ ಕೃತಿಗಳು ಹುಟ್ಟಿದ ಕಾಲವನ್ನು ಮರೆಯಬಾರದು. ಅದು ನೆಮ್ಮದಿಯ ಕಾಲವಾಗಿರಲಿಲ್ಲ. ಮಹಾಯುದ್ಧವು ಆಗತಾನೆ ಮುಗಿದಿತ್ತು. ದೇಶದಲ್ಲಿ ಸ್ವಾತಂತ್ರ್ಯದ ಕೂಗು ಮುಗಿಲು ಮುಟ್ಟಿತ್ತು. ಮೈಸೂರು ಸಂಸ್ಥಾನದ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ಹಲವು ವರ್ಷಗಳಿಂದ ಹೋರಾಡುತ್ತಿದ್ದರು. ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು, ರಾಷ್ಟ್ರಧ್ವಜವನ್ನು ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಅನೇಕರು ಪ್ರಾಣತೆತ್ತಿದ್ದರು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನವೇ ನಡೆದ ಘಟನೆಯಿದು. ಆದರೆ ಅದರ ನೋವು ಜನರ ಮನಸ್ಸಿನಲ್ಲಿ ಹಸಿಯಾಗಿಯೇ ಇತ್ತು. ಅರಮನೆಯ ಸಂಗೀತಕ್ಕೂ, ದೂರದೇಶದ ವಾದ್ಯವೃಂದಗಳಿಗೂ ಸಂದ ಹಣದ ಮೂಲದಲ್ಲಿ ಈ ನಾಡಿನ ರೈತರ ಬೆವರು ಇತ್ತೆಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಕಲೆಯನ್ನು ಪೋಷಿಸಿದನೆಂಬ ಕಾರಣದಿಂದ ಮಾತ್ರವೇ ಅರಸನನ್ನು ಪ್ರಜೆಗಳು ಒಪ್ಪುವ ಕಾಲವು ಆಗ ಕಳೆದುಹೋಗಿತ್ತು.

ಆ ಪರೀಕ್ಷೆಯು 1947ರಲ್ಲಿ ಎದುರಾಯಿತು. ಆಗಸ್ಟ್ ತಿಂಗಳಲ್ಲಿ ಮಹಾರಾಜರು ಮೈಸೂರು ಸಂಸ್ಥಾನವನ್ನು ಭಾರತ ಒಕ್ಕೂಟಕ್ಕೆ ಸೇರಿಸುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಜವಾಬ್ದಾರಿ ಸರ್ಕಾರದ ಸ್ಥಾಪನೆ ತಡವಾಯಿತು. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ಆರಂಭವಾಗಿ ಸಾವಿರಾರು ಜನರು ಬೀದಿಗಿಳಿದರು, ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಬಂದರು, ಸೆರೆಮನೆಗಳು ತುಂಬಿದುವು. ಕೊನೆಗೆ ಮಹಾರಾಜರು ಪ್ರಜೆಗಳ ಬೇಡಿಕೆಗೆ ಒಪ್ಪಿದರು. ಅಕ್ಟೋಬರಿನಲ್ಲಿ, ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರಾದ ಕೆ. ಚೆಂಗಲರಾಯ ರೆಡ್ಡಿಯವರ ನಾಯಕತ್ವದಲ್ಲಿ ಮೊದಲ ಜನಪ್ರತಿನಿಧಿ ಸರ್ಕಾರವು ಅಧಿಕಾರವನ್ನು ವಹಿಸಿಕೊಂಡಿತು. ಶತಮಾನಗಳಿಂದ ಬಂದ ರಾಜತ್ವವು ಹೀಗೆ ಕೈಬಿಟ್ಟುಹೋಗುತ್ತಿದ್ದ ದಿನಗಳಲ್ಲಿಯೇ 'ಶ್ರೀವಿದ್ಯಾ' ಅಂಕಿತದ ಕೃತಿಗಳು ರೂಪುಗೊಂಡುವು. ಒಂದು ಕಡೆ ಅಧಿಕಾರವು ಕರಗುತ್ತಿತ್ತು. ಇನ್ನೊಂದು ಕಡೆ ಯಾವ ಚಳವಳಿಯೂ ಯಾವ ಕಾನೂನೂ ಕಸಿದುಕೊಳ್ಳಲಾರದ ಸಂಪತ್ತು ಬೆಳೆಯುತ್ತಿತ್ತು.

1950ರ ಜನವರಿ 26ರಂದು ಭಾರತವು ಗಣರಾಜ್ಯವಾದಾಗ ಅವರು ಮೈಸೂರಿನ ರಾಜಪ್ರಮುಖರಾದರು. 1956ರ ನವೆಂಬರಿನಲ್ಲಿ ಕನ್ನಡ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯವು ಉದಯಿಸಿದಾಗ ಅದರ ರಾಜ್ಯಪಾಲರಾದರು. 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. ಅರಸರಾಗಿ ಹುಟ್ಟಿದವರು ಸಂವಿಧಾನಕ್ಕೆ ಬದ್ಧರಾದ ಪ್ರಜೆಯಾಗಿ ಸೇವೆ ಸಲ್ಲಿಸಿದರು. 1952ರಲ್ಲಿ ರಚಿತವಾದ ಭಾರತೀಯ ವನ್ಯಜೀವಿ ಮಂಡಲಿಯ ಮೊದಲ ಅಧ್ಯಕ್ಷರೂ ಅವರೇ.

ಸಾಹಿತ್ಯಕ್ಕೂ ಅವರಿಂದ ಸಂದ ಸೇವೆ ಕಡಿಮೆಯದಲ್ಲ. 'ಜಯಚಾಮರಾಜೇಂದ್ರ ಗ್ರಂಥರತ್ನಮಾಲೆ'ಯ ಮೂಲಕ ಋಗ್ವೇದವನ್ನೂ ಪುರಾಣಗಳನ್ನೂ ವಿದ್ವಾಂಸರಿಂದ ಕನ್ನಡಕ್ಕೆ ತರಿಸಿ ಪ್ರಕಟಿಸಿದರು. ಒಂದು ಕಾಲದಲ್ಲಿ ಕೆಲವರಿಗೆ ಮಾತ್ರ ಎಟುಕುತ್ತಿದ್ದ ಗ್ರಂಥಗಳು ಇದರಿಂದ ಕನ್ನಡವನ್ನು ಓದಬಲ್ಲ ಎಲ್ಲರ ಕೈಗೂ ಬಂದುವು. ದತ್ತಾತ್ರೇಯ ತತ್ತ್ವವನ್ನು ಕುರಿತು ಅವರೇ ಇಂಗ್ಲಿಷಿನಲ್ಲಿ ಗ್ರಂಥವನ್ನು ಬರೆದರು. 1966ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ಅವರಿಗೆ ಫೆಲೋ ಗೌರವವನ್ನು ಸಲ್ಲಿಸಿತು. ಅವರ ಮಾರ್ಗದರ್ಶಕರಾದ ವಾಸುದೇವಾಚಾರ್ಯರು ಇದನ್ನು ಕಾಣಲು ಉಳಿದಿರಲಿಲ್ಲ. 1961ರಲ್ಲಿ, ತೊಂಬತ್ತಾರು ವರ್ಷಗಳು ತುಂಬಲು ಕೆಲವೇ ದಿನಗಳು ಉಳಿದಿದ್ದಾಗ, ಅವರು ಮದರಾಸಿನಲ್ಲಿ ತೀರಿಕೊಂಡಿದ್ದರು.

1971ರಲ್ಲಿ ಮಾಜಿ ಅರಸರ ರಾಜಧನವೂ ಬಿರುದುಗಳೂ ರದ್ದಾದುವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದನ್ನು ಕಂಡ ಜಯಚಾಮರಾಜ ಒಡೆಯರು, 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಆಗ ಅವರ ವಯಸ್ಸು ಐವತ್ತೈದು.

ಇಂದು ಮೈಸೂರು ಸಂಸ್ಥಾನವಿಲ್ಲ. ಅದರ ಗಡಿಗಳು ಭೂಪಟದಲ್ಲಿ ಕಾಣುವುದಿಲ್ಲ. ಅವರು ಆಳಿದ ಕೋಲಾರ ಜಿಲ್ಲೆಯೂ ಎರಡಾಗಿ, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಹುಟ್ಟಿಕೊಂಡಿದೆ. ಆದರೆ ಯಾವುದೋ ಊರಿನ ರಾಮನವಮಿಯ ಚಪ್ಪರದಲ್ಲಿ ಗಾಯಕನೊಬ್ಬನು ಕಚೇರಿಯ ಆರಂಭಕ್ಕೆ ಅಠಾಣ ರಾಗದ ಗಣಪತಿಯ ಕೃತಿಯನ್ನು ಎತ್ತಿಕೊಂಡಾಗ, ಕೊನೆಯ ಚರಣದಲ್ಲಿ 'ಶ್ರೀವಿದ್ಯಾ' ಎಂಬ ಶಬ್ದವು ಕಿವಿಗೆ ಬೀಳುತ್ತದೆ. ಅದೇ ಹೊತ್ತಿಗೆ ದೂರದೇಶದ ಸಭಾಂಗಣವೊಂದರಲ್ಲಿ ಮೆಟ್ನರರ ಕನ್ಸರ್ಟೋವನ್ನು ನುಡಿಸಲು ಯಾರೋ ಸಿದ್ಧರಾಗುತ್ತಿರಬಹುದು. ಹಾಡುವವನಿಗೆ ಆ ಪಿಯಾನೊ ವಾದಕನ ಪರಿಚಯವಿಲ್ಲ. ಪಿಯಾನೊ ವಾದಕನಿಗೆ ಈ ಚಪ್ಪರದ ಸುಳಿವಿಲ್ಲ. ಈ ಇಬ್ಬರ ನಡುವೆ, ಬಯಸಿದ ವೇದಿಕೆಯನ್ನು ಬಿಟ್ಟುಕೊಟ್ಟರೂ ನಾದವನ್ನು ಬಿಟ್ಟುಕೊಡದ ಒಬ್ಬ ವ್ಯಕ್ತಿ ನಿಂತಿದ್ದಾರೆ. ರಾಜ್ಯವು ಅವರಿಗೆ ಹಿರಿಯರಿಂದ ಬಂದಿತು, ಪ್ರಜೆಗಳಿಗೆ ಸಂದಿತು. ಸಂಗೀತವು ಅವರ ಸ್ವಂತ ದುಡಿಮೆಯಿಂದ ಬಂದಿತು. ಅದು ಎಲ್ಲರಿಗೂ ಉಳಿಯಿತು.

ಅಭ್ಯಾಸ

ಅ) ಈ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಿ:
1. ಜಯಚಾಮರಾಜ ಒಡೆಯರ ಕೃತಿಗಳ ಅಂಕಿತ ಯಾವುದು?
2. ಕೃತಿರಚನೆಯಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದವರು ಯಾರು?
3. ಮೆಟ್ನರರು ತಮ್ಮ ಯಾವ ಕೃತಿಯನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿ:
1. ವಾಗ್ಗೇಯಕಾರನಿಗೂ ಸಂಗೀತ ಸಂಯೋಜಕನಿಗೂ ಇರುವ ವ್ಯತ್ಯಾಸವೇನು?
2. ಪಿಯಾನೊ ಮತ್ತು ವೀಣೆಗಳ ಸ್ವಭಾವದಲ್ಲಿರುವ ಭೇದವನ್ನು ತಿಳಿಸಿ.
3. ಕೈವಾರದ ತಾತಯ್ಯನವರಿಗೂ ಜಯಚಾಮರಾಜ ಒಡೆಯರಿಗೂ ಇರುವ ಹೋಲಿಕೆ ಯಾವುದು?

ಇ) ಹತ್ತು ವಾಕ್ಯಗಳಲ್ಲಿ ಉತ್ತರಿಸಿ:
1. 'ಒಂದು ಕಡೆ ಅಧಿಕಾರವು ಕರಗುತ್ತಿತ್ತು. ಇನ್ನೊಂದು ಕಡೆ ಸಂಪತ್ತು ಬೆಳೆಯುತ್ತಿತ್ತು.' ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿ.
2. ನಿಮ್ಮ ಊರಿನಲ್ಲಿ ಹಾಡುವ ಯಾವುದಾದರೂ ಒಂದು ಕೀರ್ತನೆಯ ಅಂಕಿತವನ್ನು ಹಿರಿಯರಿಂದ ಕೇಳಿ ತಿಳಿದು, ಅದರ ರಚಕರನ್ನು ಕುರಿತು ಬರೆಯಿರಿ.